ರಾಸಾಯನಿಕ ದಾಳಿಯ ಅನುಮಾನ ಬಂದಾಗ ಸ್ಯಾಂಪಲ್ ಕೆಡದಂತೆ ಕಾಯುವುದು ಹೇಗೆ?

ಬೆಂಗಳೂರಿನ ಆಸ್ಪತ್ರೆಗಳ ಲ್ಯಾಬ್ ಟೆಕ್ನೀಷಿಯನ್‌ಗಳು, ಕ್ಯಾಶುಯಲ್ಟಿಯ ಹೌಸ್ ಸರ್ಜನ್‌ಗಳು, ಫೊರೆನ್ಸಿಕ್ ಓದುತ್ತಿರುವ ಹುಡುಗ ಹುಡುಗಿಯರು ಪದೇ ಪದೇ ಕೇಳುವ ಪ್ರಶ್ನೆ ಇದು. ವಿಷಾನಿಲದ ಅನುಮಾನ ಇರುವ ರೋಗಿ ಬಂದರೆ ರಕ್ತ ತೆಗೆಯುವುದು ಗೊತ್ತು, ಆಮೇಲೆ ಅದನ್ನು ಎಲ್ಲಿಡಬೇಕು? ಎಷ್ಟು ತಣ್ಣಗಿಡಬೇಕು? ಯಾರ ಕೈಗೆ ಕೊಡಬೇಕು? ಪಠ್ಯಪುಸ್ತಕದಲ್ಲಿ ವಿಷ ಪತ್ತೆ ಮಾಡುವ ಯಂತ್ರಗಳ ಬಗ್ಗೆ ಪುಟಗಟ್ಟಲೆ ಇರುತ್ತದೆ. ಆ ಯಂತ್ರದವರೆಗೆ ಸ್ಯಾಂಪಲ್ ಸರಿಯಾಗಿ ತಲುಪಿಸುವುದರ ಬಗ್ಗೆ ಎರಡು ಸಾಲು ಇದ್ದರೆ ಹೆಚ್ಚು. ಅದಕ್ಕೇ ಈ ಬರಹ.

ಚೆನ್ನಾಗಿ ಕಾಯ್ದಿಟ್ಟ ಸ್ಯಾಂಪಲ್ ಎಷ್ಟು ಕಾಲ ಮಾತಾಡುತ್ತದೆ ಎನ್ನುವುದಕ್ಕೆ ಎರಡು ಉದಾಹರಣೆ ಕೊಡುತ್ತೇನೆ. 1988ರ ಆಗಸ್ಟ್‌ನಲ್ಲಿ ಇರಾಕಿನ ಕುರ್ದಿಶ್ ಹಳ್ಳಿ ಬಿರ್ಜಿನ್ನಿಯ ಮೇಲೆ ವಿಷದ ಬಾಂಬ್ ಬಿತ್ತು. ಬಾಂಬ್ ಬಿದ್ದ ಗುಂಡಿಗಳಿಂದ ಮಣ್ಣು ತೆಗೆದದ್ದು 1992ರಲ್ಲಿ. ಬ್ರಿಟನ್ನಿನ ಪೋರ್ಟನ್ ಡೌನ್ ಪ್ರಯೋಗಾಲಯಕ್ಕೆ ಆ ಮಣ್ಣಿನಲ್ಲಿ ಸರಿನ್ (ನರಗಳಿಗೆ ಹೊಡೆಯುವ ವಿಷ) ಮತ್ತು ಮಸ್ಟರ್ಡ್ (ಮೈಮೇಲೆ ಬೊಬ್ಬೆ ಎಬ್ಬಿಸುವ ವಿಷ) ಎರಡರ ಗುರುತೂ ಸಿಕ್ಕಿತು. ಇನ್ನೊಂದು, 1995ರ ಮಾರ್ಚ್ 20ರ ಟೋಕಿಯೊ ಸಬ್‌ವೇ ದಾಳಿ. ಅಲ್ಲಿ ಗಾಯಗೊಂಡವರ ಸೀರಮ್ಮನ್ನು, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವವನ್ನು, ಎತ್ತಿಟ್ಟಿದ್ದರು. ಆಮೇಲೆ ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಹೊಸ ವಿಧಾನ ಕಂಡುಕೊಂಡಾಗ ಅದೇ ಸೀರಮ್ಮಿನಿಂದ ಸರಿನ್ ತಗುಲಿದ್ದನ್ನು ತೋರಿಸಿದರು. ಸೀರಮ್ ತೆಗೆದ ದಿನ ಆ ವಿಧಾನವೇ ಇರಲಿಲ್ಲ. ಹಾಗಾಗಿ ನಿಮ್ಮ ಲ್ಯಾಬಿನಲ್ಲಿ ಇವತ್ತು ಪರೀಕ್ಷೆ ಆಗುವುದಿಲ್ಲ ಎಂದು ಸ್ಯಾಂಪಲ್ ಚೆಲ್ಲಬೇಡಿ.

ರಾಸಾಯನಿಕ ಅಸ್ತ್ರದ ಮಾತು ನಮಗೆ ಯಾಕೆ ಎಂದು ಕೇಳುವವರೂ ಇದ್ದಾರೆ. ಸರಿನ್‌ನಂಥ ನರ್ವ್ ಏಜೆಂಟ್, ಅಂದರೆ ನರಗಳ ಕೆಲಸವನ್ನೇ ಕೆಡಿಸುವ ವಿಷ, ದೇಹದಲ್ಲಿ ಹಿಡಿಯುವುದು ಕೋಲಿನ್‌ಎಸ್ಟರೇಸ್ ಎಂಬ ಕಿಣ್ವವನ್ನು. ನಮ್ಮ ಹೊಲಗಳಲ್ಲಿ ಹೊಡೆಯುವ ಆರ್ಗನೋಫಾಸ್ಫೇಟ್ ಕೀಟನಾಶಕಗಳು ಹಿಡಿಯುವುದೂ ಅದನ್ನೇ. 2018ರ ಡಿಸೆಂಬರ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಪ್ರಸಾದಕ್ಕೆ ಬೆರೆಸಿದ್ದ ಮೋನೋಕ್ರೊಟೊಫಾಸ್ ಆ ಗುಂಪಿನದ್ದು. ಪೀಣ್ಯದ ಕಾರ್ಖಾನೆಯಲ್ಲಿ ಕ್ಲೋರಿನ್ ಸೋರಿದರೂ, ಯಾರೋ ಬೇಕೆಂದೇ ವಿಷ ಬಿಟ್ಟರೂ, ಮೊದಲ ಗಂಟೆಯಲ್ಲಿ ನೀವು ಮಾಡಬೇಕಾದ ಕೆಲಸ ಹೆಚ್ಚುಕಮ್ಮಿ ಒಂದೇ.

ಮುಂದೆ ಹೋಗುವ ಮುಂಚೆ ಒಂದು ಎಚ್ಚರಿಕೆ. ನೀವು ದಾರಿಹೋಕರಾಗಿದ್ದರೆ ಸ್ಯಾಂಪಲ್ ತೆಗೆಯುವುದು ನಿಮ್ಮ ಕೆಲಸ ಅಲ್ಲ. ಗಾಳಿ ಬರುವ ದಿಕ್ಕಿನ ಕಡೆಗೆ, ಜಾಗದಿಂದ ದೂರ ಹೋಗಿ, 112ಕ್ಕೆ ಫೋನ್ ಮಾಡಿ, ಏನನ್ನೂ ಮುಟ್ಟಬೇಡಿ. ಘಟನೆ ನಡೆದ ಜಾಗದಿಂದ ಮಣ್ಣು, ನೀರು ತೆಗೆಯುವುದು ರಕ್ಷಣಾ ಉಡುಪು ತೊಟ್ಟ, ತರಬೇತಾದ ತಂಡದ ಕೆಲಸ. ಮುಂದಿನ ಹಂತಗಳು ಆಸ್ಪತ್ರೆಯವರಿಗೆ, ಎಫ್‌ಎಸ್‌ಎಲ್ (ಫೊರೆನ್ಸಿಕ್ ಪ್ರಯೋಗಾಲಯ) ಮತ್ತು ಸೋಕೋ (ಅಪರಾಧ ನಡೆದ ಜಾಗದಲ್ಲಿ ಪುರಾವೆ ಸಂಗ್ರಹಿಸುವ) ಸಿಬ್ಬಂದಿಗೆ, ಅವರ ಜೊತೆ ಕೆಲಸ ಮಾಡುವವರಿಗೆ.

ಮೊದಲೇ ಜೋಡಿಸಿಡಬೇಕಾದದ್ದು

ಘಟನೆ ಆದ ಮೇಲೆ ಹುಡುಕಾಡಿದರೆ ಏನೂ ಸಿಗುವುದಿಲ್ಲ. ಒಂದು ಪೆಟ್ಟಿಗೆಯಲ್ಲಿ ಇವನ್ನು ಇಟ್ಟಿರಿ: ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್‌ಗಳು (ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತವೆ), ತಿರುಗಿಸಿ ಮುಚ್ಚುವ ಪ್ಲಾಸ್ಟಿಕ್ ಮೂತ್ರದ ಡಬ್ಬಿಗಳು, ಪಾಲಿಪ್ರೊಪಿಲೀನ್ ಕ್ರಯೋವೈಲ್‌ಗಳು (ಫ್ರೀಜರ್ ಚಳಿಗೆ ಒಡೆಯದ ಪುಟ್ಟ ಸೀಸೆಗಳು), ಟೆಫ್ಲಾನ್ ಒಳಪದರದ ಮುಚ್ಚಳ ಇರುವ ಗಾಜಿನ ಜಾಡಿಗಳು, ಫ್ರೀಜರಿನಲ್ಲಿ ಉದುರದ ಲೇಬಲ್, ಅಳಿಸದ ಮಾರ್ಕರ್, ಬಿಚ್ಚಿದರೆ ಗೊತ್ತಾಗುವ ಸೀಲ್ ಟೇಪ್, ಐಸ್ ಪ್ಯಾಕ್, ತಾಪಮಾನ ಬರೆದಿಡುವ ಪುಟ್ಟ ಡೇಟಾ ಲಾಗರ್, ಕಸ್ಟಡಿ ಫಾರಂ. ಟ್ಯೂಬ್‌ಗಳ ಎಕ್ಸ್‌ಪೈರಿ ತಾರೀಖನ್ನು ಆಗಾಗ ನೋಡುತ್ತಿರಿ.

1. ಮೊದಲು ಜೀವ, ಜೊತೆಗೆ ಬಟ್ಟೆ

ಚಿಕಿತ್ಸೆಯನ್ನು ಸ್ಯಾಂಪಲ್‌ಗೋಸ್ಕರ ಒಂದು ನಿಮಿಷವೂ ತಡ ಮಾಡುವಂತಿಲ್ಲ. ರೋಗಿಯನ್ನು ತೊಳೆಯುವ ಮುಂಚೆ ಬಟ್ಟೆ ತೆಗೆಯಲೇಬೇಕಲ್ವಾ? ಅದನ್ನು ಕಸದ ಬುಟ್ಟಿಗೆ ಹಾಕಬೇಡಿ. ಬಟ್ಟೆ, ಚಪ್ಪಲಿ, ಬೆಲ್ಟ್ ಎಲ್ಲಕ್ಕೂ ವಿಷ ಅಂಟಿರುತ್ತದೆ, ಕೆಲವೊಮ್ಮೆ ರಕ್ತಕ್ಕಿಂತ ಜಾಸ್ತಿ. ತಲೆಯ ಮೇಲಿಂದ ಎಳೆಯದೆ ಕತ್ತರಿಯಿಂದ ಕತ್ತರಿಸಿ ತೆಗೆಯಿರಿ. ಒಬ್ಬೊಬ್ಬರ ಬಟ್ಟೆಯನ್ನು ಬೇರೆ ಬೇರೆಯಾಗಿ ಕಟ್ಟಿ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎರಡು. ಒಂದು, ಬಟ್ಟೆಯ ಮೇಲೆ ಬ್ಲೀಚ್ ಸುರಿಯುವುದು. ಬ್ಲೀಚ್ ವಿಷವನ್ನು ಮುರಿಯುತ್ತದೆ ನಿಜ, ಜೊತೆಗೆ ಪುರಾವೆಯನ್ನೂ ಮುರಿಯುತ್ತದೆ. ಎರಡು, ಒಂದೇ ತೆಳು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟುವುದು. ಮಸ್ಟರ್ಡ್‌ನಂಥ ವಸ್ತು ಸಾಮಾನ್ಯ ಪಾಲಿಥೀನ್ ಒಳಗಿಂದ ನಿಧಾನವಾಗಿ ಹೊರಬರುತ್ತದೆ. ಅಗಲ ಬಾಯಿಯ ಗಾಜಿನ ಜಾಡಿ ಅಥವಾ ಗಟ್ಟಿ ಮುಚ್ಚಳದ ಲೋಹದ ಡಬ್ಬ ಒಳ್ಳೆಯದು. ಅದು ಇಲ್ಲದಿದ್ದರೆ ಚೀಲದೊಳಗೆ ಚೀಲ ಹಾಕಿ, ಹೊರಗೆ ಗಾಳಿಯಾಡುವ ಬೀಗದ ಕೋಣೆಯಲ್ಲಿಡಿ. ಜನ ಓಡಾಡುವ ಕಾರಿಡಾರಿನಲ್ಲಿ ಖಂಡಿತ ಇಡಬೇಡಿ. ಆ ಚೀಲದಿಂದ ನಿಮ್ಮ ನರ್ಸ್‌ಗೇ ಅಪಾಯ.

2. ರಕ್ತ: ಬೇಗ ತೆಗೆಯಿರಿ, ಬೇಗ ತಣ್ಣಗೆ ಮಾಡಿ

ಹೆಚ್ಚು ಜನ ಎಡವುವುದು ಇಲ್ಲಿ. ಸ್ವಲ್ಪ ನಿಧಾನವಾಗಿ ಓದಿ.

ಒಬ್ಬ ವಯಸ್ಕ ರೋಗಿಯಿಂದ 4 ಮಿಲಿ ಲೀಟರಿನ ಇಡಿಟಿಎ ಟ್ಯೂಬ್ ಮೂರಾದರೂ ತುಂಬಿಸಿ. ಜೊತೆಗೆ ಬೂದು ಅಥವಾ ಹಸಿರು ಮುಚ್ಚಳದ್ದು ಒಂದು. ಮೊದಲು ತುಂಬಿದ ಟ್ಯೂಬ್ ಯಾವುದು, ಆಮೇಲಿನದು ಯಾವುದು ಎಂದು ನಂಬರ್ ಹಾಕಿ. ಟ್ಯೂಬನ್ನು ಜೋರಾಗಿ ಅಲುಗಾಡಿಸಬೇಡಿ, ಮೆಲ್ಲಗೆ ತಲೆಕೆಳಗು ಮಾಡಿ ಎಂಟು ಹತ್ತು ಸಲ ತಿರುಗಿಸಿ. ಕೆಂಪು ರಕ್ತಕಣ ಒಡೆದರೆ ಲೆಕ್ಕಾಚಾರವೇ ಬದಲಾಗುತ್ತದೆ.

ಬೂದು ಮುಚ್ಚಳದ ಟ್ಯೂಬಿನಲ್ಲಿ ಸೋಡಿಯಂ ಫ್ಲೋರೈಡ್ ಇರುತ್ತದೆ. ಮದ್ಯದ ಪ್ರಮಾಣ ನೋಡಲು ಅದು ಬೇಕು, ನಮ್ಮಲ್ಲಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಮೆಡಿಕೋ ಲೀಗಲ್) ಕೇಸ್ ಎಂದರೆ ಕೈ ತಾನಾಗಿಯೇ ಅದಕ್ಕೆ ಹೋಗುತ್ತದೆ. ಆದರೆ ಫ್ಲೋರೈಡ್ ಕೋಲಿನ್‌ಎಸ್ಟರೇಸ್ ಕಿಣ್ವವನ್ನು ತಾನೇ ತಡೆಯುತ್ತದೆ. ಇರುವ ರಕ್ತವನ್ನೆಲ್ಲ ಅದಕ್ಕೇ ಹಾಕಿದರೆ ವಿಷ ತಗುಲದವರಿಗೂ ಕಿಣ್ವ ಕಮ್ಮಿ ಕಾಣಬಹುದು. ಅದಕ್ಕೇ ಇಡಿಟಿಎ ಟ್ಯೂಬ್ ಮುಖ್ಯ, ಬೂದು ಟ್ಯೂಬ್ ಹೆಚ್ಚುವರಿ.

ಪ್ರಾಲಿಡಾಕ್ಸಿಮ್, ಅಂದರೆ ಕ್ಯಾಶುಯಲ್ಟಿಯಲ್ಲಿ ಎಲ್ಲರೂ ಪ್ಯಾಮ್ ಎನ್ನುವ ಔಷಧಿ, ಕಿಣ್ವಕ್ಕೆ ಅಂಟಿದ ವಿಷವನ್ನು ಬಿಡಿಸುತ್ತದೆ. ಆಗುವುದಾದರೆ ಅದನ್ನು ಕೊಡುವ ಮುಂಚೆ ಒಂದು ಟ್ಯೂಬ್ ತೆಗೆಯಿರಿ. ಆಗದಿದ್ದರೆ ಪರವಾಗಿಲ್ಲ, ಕೊಟ್ಟ ಸಮಯ ಮತ್ತು ಪ್ರಮಾಣ ಬರೆಯಿರಿ. ರಕ್ತ ಅಥವಾ ಪ್ಲಾಸ್ಮಾ ಏರಿಸಿದ್ದರೆ ಅದನ್ನೂ ಬರೆಯಿರಿ. ಇಲ್ಲದಿದ್ದರೆ ದಾನಿಯ ಕಿಣ್ವವನ್ನು ರೋಗಿಯದೆಂದು ಓದುವ ಅಪಾಯ ಇದೆ.

ಟ್ಯೂಬಿನೊಳಗೆ ರಕ್ತ ಸುಮ್ಮನೆ ಇರುವುದಿಲ್ಲ. ಉಳಿದ ವಿಷ, ಉಳಿದ ಔಷಧಿ, ಕಿಣ್ವ ಮೂರೂ ಅಲ್ಲೇ ಕೆಲಸ ಮುಂದುವರಿಸುತ್ತವೆ. ಟೇಬಲ್ ಮೇಲೆ ಒಂದೆರಡು ಗಂಟೆ ಬಿಟ್ಟ ಟ್ಯೂಬ್, ರಕ್ತ ತೆಗೆದ ಕ್ಷಣದ ಸ್ಥಿತಿಯನ್ನು ತೋರಿಸುವುದಿಲ್ಲ. ತಕ್ಷಣ ಐಸ್ ನೀರಿಗೆ ಇಳಿಸಿ, ಆಮೇಲೆ 2ರಿಂದ 8 ಡಿಗ್ರಿಯ ಫ್ರಿಜ್‌ಗೆ ಹಾಕಿ.

ಇಡೀ ರಕ್ತವನ್ನು ಟ್ಯೂಬ್ ಸಮೇತ ಫ್ರೀಜರಿಗೆ ಹಾಕುವುದು ಇನ್ನೊಂದು ತಪ್ಪು. ಕಣಗಳು ಒಡೆದು ಹೋಗುತ್ತವೆ. ಎರಡು ಟ್ಯೂಬನ್ನು ಹಾಗೇ ಫ್ರಿಜ್‌ನಲ್ಲಿಡಿ. ಮೂರನೆಯದನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ಪ್ಲಾಸ್ಮಾವನ್ನು ಕ್ರಯೋವೈಲ್‌ಗಳಿಗೆ ಹಂಚಿ ಫ್ರೀಜ್ ಮಾಡಿ. ಕೆಳಗುಳಿದ ಕೆಂಪು ಕಣಗಳನ್ನೂ ಚೆಲ್ಲಬೇಡಿ, ಬೇರೆ ವೈಲ್‌ಗೆ ಹಾಕಿ ಫ್ರೀಜ್ ಮಾಡಿ.

ಅದು ಯಾಕೆ ಎಂದರೆ, ವಿಷ ರಕ್ತದಿಂದ ಹೋದ ಮೇಲೂ ಅದರ ತುಣುಕು ಪ್ರೋಟೀನಿಗೆ ಅಂಟಿಕೊಂಡು ಉಳಿಯುತ್ತದೆ. ಇದಕ್ಕೆ ಅಡಕ್ಟ್ ಎನ್ನುತ್ತಾರೆ. ನರ್ವ್ ಏಜೆಂಟ್‌ನ ಅಡಕ್ಟ್ ಪ್ಲಾಸ್ಮಾದಲ್ಲಿ ವಾರಗಟ್ಟಲೆ ಸಿಗಬಹುದು. ಮಸ್ಟರ್ಡ್‌ನ ಅಡಕ್ಟ್ ಹಿಮೋಗ್ಲೋಬಿನ್‌ನಲ್ಲೂ ಇರುತ್ತದೆ, ಕೆಂಪು ಕಣದ ಆಯಸ್ಸು ಸುಮಾರು 120 ದಿನ. ಹಾಗಾಗಿ ರೋಗಿ ಹತ್ತು ದಿನ ತಡವಾಗಿ ಬಂದರೂ, ಇನ್ನೇನು ಸಿಗುತ್ತೆ ಎಂದು ಕೈಬಿಡಬೇಡಿ. ರಕ್ತ ತೆಗೆಯಿರಿ.

3. ಮೂತ್ರ

ಕನಿಷ್ಠ 25 ಮಿಲಿ ಲೀಟರ್, ಆಗುವುದಾದರೆ 50. ಯಾವ ಪ್ರಿಸರ್ವೇಟಿವ್ ಕೂಡ ಹಾಕಬೇಡಿ. ಡಬ್ಬಿಯನ್ನು ಪೂರ್ತಿ ತುಂಬಬೇಡಿ, ಹೆಪ್ಪುಗಟ್ಟುವಾಗ ಹಿಗ್ಗುತ್ತದೆ. ಆದಷ್ಟು ಬೇಗ ಮೈನಸ್ 70ಕ್ಕೆ ಅಥವಾ ಡ್ರೈ ಐಸ್‌ಗೆ, ಅದಿಲ್ಲದಿದ್ದರೆ ಮೈನಸ್ 20ಕ್ಕೆ ಹಾಕಿ. ರಕ್ತಕ್ಕೆ ಫ್ರಿಜ್, ಮೂತ್ರಕ್ಕೆ ಫ್ರೀಜರ್ ಎಂದು ಪೆಟ್ಟಿಗೆಯ ಮುಚ್ಚಳದ ಮೇಲೇ ದೊಡ್ಡದಾಗಿ ಬರೆದಿಡಿ. ಗಡಿಬಿಡಿಯಲ್ಲಿ ಎರಡೂ ಅದಲುಬದಲಾಗುತ್ತವೆ. ಮೂತ್ರದಲ್ಲಿ ಸಿಗುವ ಗುರುತುಗಳು ಕೆಲವೇ ದಿನ ಇರುತ್ತವೆ, ಅದಕ್ಕೇ ಮೊದಲ ದಿನದ್ದು ಬಹಳ ಮುಖ್ಯ.

4. ಸತ್ತವರ ಅಂಗಾಂಶ

ಮರಣೋತ್ತರ ಪರೀಕ್ಷೆಯಲ್ಲಿ ವಿಷ ಪರೀಕ್ಷೆಯ ಅಂಗಗಳನ್ನು ಉಪ್ಪಿನ ಗಟ್ಟಿ ದ್ರಾವಣದಲ್ಲಿ ಇಡುವ ರೂಢಿ ನಮ್ಮಲ್ಲಿದೆ. ಈ ಅನುಮಾನ ಇದ್ದಾಗ ಪ್ರತಿ ಅಂಗದ ಒಂದು ತುಂಡನ್ನು ಏನೂ ಬೆರೆಸದೆ ಫ್ರೀಜ್ ಮಾಡಿ. ರಾಸಾಯನಿಕ ಪರೀಕ್ಷೆಗೆ ಫಾರ್ಮಲಿನ್ (ಅಂಗಾಂಶ ಕೊಳೆಯದಂತೆ ಹಾಕುವ ದ್ರಾವಣ) ಬೇಡ. ಆದರೆ ಫಾರ್ಮಲಿನ್‌ನಲ್ಲಿ ಹಾಕಿಬಿಟ್ಟಿದ್ದರೆ ಎಸೆಯಲೂ ಬೇಡಿ. ಟೋಕಿಯೊ ದಾಳಿಯಲ್ಲಿ ಸತ್ತವರ ಮಿದುಳಿನ ಅಂಗಾಂಶ ಫಾರ್ಮಲಿನ್‌ನಲ್ಲಿತ್ತು. ಜಪಾನಿನ ವಿಜ್ಞಾನಿಗಳು ಅದರಿಂದಲೂ ಸರಿನ್‌ನ ಗುರುತು ಹೊರತೆಗೆದರು.

5. ಮಣ್ಣು, ನೀರು, ಒರೆಸಿದ ಬಟ್ಟೆ

ತರಬೇತಾದ ತಂಡ ತಂದುಕೊಟ್ಟ ಸ್ಯಾಂಪಲ್ ನಿಮ್ಮ ಕೈಗೆ ಬಂದಾಗ ಏನು ಮಾಡಬೇಕು ಎನ್ನುವುದಷ್ಟೇ ಇಲ್ಲಿನ ಮಾತು. ಗಾಜಿನ ಜಾಡಿ, ಟೆಫ್ಲಾನ್ ಮುಚ್ಚಳ, 4 ಡಿಗ್ರಿ, ಕತ್ತಲು. ರಬ್ಬರ್ ಬಿರಡೆ ವಿಷವನ್ನು ತಾನೇ ಹೀರಿಕೊಳ್ಳುತ್ತದೆ, ಅದು ಬೇಡ. ಸರಿನ್ ಬೇಗ ಆರಿಹೋಗುತ್ತದೆ, ನೀರು ತಗುಲಿದರೆ ಒಡೆಯುತ್ತದೆ. ಒಡೆದ ಮೇಲೆ ಉಳಿಯುವ ಮೀಥೈಲ್ ಫಾಸ್ಫೋನಿಕ್ ಆಸಿಡ್ ಮಾತ್ರ ಗಟ್ಟಿ, ಮಣ್ಣಿನಲ್ಲಿ ವರ್ಷಗಟ್ಟಲೆ ಇರುತ್ತದೆ. ಕ್ಲೋರಿನ್ ಕತೆ ಬೇರೆ. ಅನಿಲ ಹಾರಿಹೋಗುತ್ತದೆ, ಆದರೆ ಅದು ತಾಗಿದ ಪೈನ್ ಜಾತಿಯ ಮರದಲ್ಲಿ ಬೋರ್ನೈಲ್ ಕ್ಲೋರೈಡ್‌ನಂಥ ವಸ್ತು ಹುಟ್ಟುತ್ತದೆ. ಹಾಗಾಗಿ ಜಾಗದ ಮರದ ಹಲಗೆ, ಎಲೆ, ಕೊಂಬೆಯನ್ನೂ ಕಸ ಎಂದು ಬಿಡಬೇಡಿ.

6. ಏನೂ ತಗುಲದ ಸ್ಯಾಂಪಲ್ ಕೂಡ ಬೇಕು

ಇದನ್ನು ಮರೆಯುವವರೇ ಜಾಸ್ತಿ. ನಿಮ್ಮ ಸ್ಯಾಂಪಲ್‌ನಲ್ಲಿ ಏನೋ ಸಿಕ್ಕಿತು ಎಂದಿಟ್ಟುಕೊಳ್ಳಿ. ಅದು ನಿಮ್ಮ ಟ್ಯೂಬಿನಿಂದಲೇ ಬಂದಿಲ್ಲ ಎನ್ನುವುದಕ್ಕೆ ಏನು ಆಧಾರ? ಕೋರ್ಟಿನಲ್ಲಿ ಕೇಳುವ ಮೊದಲ ಪ್ರಶ್ನೆಯೇ ಅದು. ಬಳಸಿದ ಅದೇ ಲಾಟ್ ನಂಬರಿನ ಎರಡು ಖಾಲಿ ಟ್ಯೂಬ್, ಎರಡು ಖಾಲಿ ಮೂತ್ರದ ಡಬ್ಬಿಗಳನ್ನು ತೆರೆಯದೆ ಜೊತೆಗೆ ಕಳಿಸಿ. ಇವಕ್ಕೆ ಬ್ಲಾಂಕ್ ಎನ್ನುತ್ತಾರೆ. ಮಣ್ಣಾದರೆ ಘಟನೆ ತಾಗದ ಹತ್ತಿರದ ಜಾಗದಿಂದ, ಅದೇ ಬಗೆಯ ಮಣ್ಣಿನದು ಒಂದು ಜಾಡಿ ಬೇಕು. ಇದು ಕಂಟ್ರೋಲ್. ಮೊದಲು ಕಂಟ್ರೋಲ್ ತೆಗೆದು, ಆಮೇಲೆ ಅನುಮಾನದ ಜಾಗಕ್ಕೆ ಹೋಗಬೇಕು. ತಿರುಗಾಮುರುಗಾ ಮಾಡಿದರೆ ಕೈಗವಸಿನಲ್ಲೇ ವಿಷ ಸಾಗುತ್ತದೆ.

7. ಫ್ರೀಜರ್ ನಂಬುವ ಮುಂಚೆ

ಪ್ಲಾಸ್ಮಾಕ್ಕೆ ಸ್ವಲ್ಪ ದಿನ ಮೈನಸ್ 20 ಸಾಕು. ಕೇಸ್ ಮುಗಿಯುವವರೆಗೆ ಇಡಬೇಕಾದರೆ ಮೈನಸ್ 70 ಅಥವಾ 80 ಬೇಕು. ಐಸ್ ಕಟ್ಟದ ಫ್ರಾಸ್ಟ್ ಫ್ರೀ ಫ್ರೀಜರ್ ಬಳಸಬೇಡಿ. ಐಸ್ ಕರಗಿಸಲು ಅದು ಆಗಾಗ ತಾನೇ ಬಿಸಿಯಾಗುತ್ತದೆ, ಸ್ಯಾಂಪಲ್ ಅಂಚಿನಲ್ಲಿ ಕರಗಿ ಮತ್ತೆ ಗಟ್ಟಿಯಾಗುತ್ತದೆ. ಪ್ರತಿ ಸಲ ಹಾಗಾದಾಗಲೂ ಪ್ರೋಟೀನ್ ಕೆಡುತ್ತದೆ. ಒಂದೇ ದೊಡ್ಡ ವೈಲ್ ಬದಲು ಅರ್ಧರ್ಧ ಮಿಲಿ ಲೀಟರಿನ ಹಲವು ವೈಲ್ ಮಾಡುವುದೂ ಇದಕ್ಕೇ. ಬೇಕಾದ ಒಂದನ್ನು ಮಾತ್ರ ಕರಗಿಸಬಹುದು.

ಬೇಸಿಗೆಯ ಮೊದಲ ಮಳೆ ಬಂದರೆ ಬೆಂಗಳೂರಿನಲ್ಲಿ ಕರೆಂಟ್ ಹೋಗುವುದು ನಿಮಗೆ ಗೊತ್ತೇ ಇದೆ. ಫ್ರೀಜರ್ ಜನರೇಟರ್ ಲೈನಿನಲ್ಲಿದೆಯೇ ನೋಡಿ. ಇದೆ ಎಂದು ಯಾರೋ ಹೇಳಿದರೆ ಸಾಲದು, ಒಂದು ದಿನ ಮೇನ್ ಆಫ್ ಮಾಡಿಸಿ ನೀವೇ ಪರೀಕ್ಷಿಸಿ. ಒಳಗೊಂದು ಡೇಟಾ ಲಾಗರ್ ಇರಲಿ. ತಾಪಮಾನ ಏರಿದ್ದರೆ ಏರಿದ್ದನ್ನೇ ಬರೆಯಿರಿ. ಎರಡು ಗಂಟೆ ಮೈನಸ್ 40ಕ್ಕೆ ಬಂದಿತ್ತು ಎಂದು ಬರೆದ ಸ್ಯಾಂಪಲ್‌ಗೆ ಬೆಲೆ ಇದೆ. ಬರೆಯದೆ ಮುಚ್ಚಿಟ್ಟದ್ದು ಮುಂದೆ ಗೊತ್ತಾದರೆ ಇಡೀ ಪೆಟ್ಟಿಗೆಯ ಮೇಲೆ ಅನುಮಾನ ಬರುತ್ತದೆ.

ರಕ್ತದ ಸ್ಯಾಂಪಲ್ ಪಕ್ಕದಲ್ಲಿ ಬಟ್ಟೆ, ಮಣ್ಣು ಇಡಬೇಡಿ. ಲ್ಯಾಬಿನ ಶುದ್ಧ ರಾಸಾಯನಿಕಗಳು ಇರುವ ಫ್ರಿಜ್‌ನಲ್ಲಿ ಯಾವುದನ್ನೂ ಇಡಬೇಡಿ. ಊಟದ ಡಬ್ಬಿ ಇರುವ ಫ್ರಿಜ್ ಬಗ್ಗೆ ಹೇಳಬೇಕಾಗಿಯೇ ಇಲ್ಲ, ಆದರೂ ಹೇಳುತ್ತಿದ್ದೇನೆ.

8. ಲೇಬಲ್, ಸೀಲ್, ಕಸ್ಟಡಿ

ಚೈನ್ ಆಫ್ ಕಸ್ಟಡಿ ಅಂದರೆ ಸ್ಯಾಂಪಲ್ ತೆಗೆದ ಕ್ಷಣದಿಂದ ವರದಿ ಬರುವವರೆಗೆ ಅದು ಯಾವಾಗ, ಯಾರ ಕೈಯಲ್ಲಿ, ಎಲ್ಲಿ ಇತ್ತು ಎಂಬ ಲಿಖಿತ ದಾಖಲೆ. ನನ್ನ ಮಟ್ಟಿಗೆ ಯಂತ್ರಕ್ಕಿಂತ, ಫ್ರೀಜರಿಗಿಂತ ಇದೇ ಮೇಲು. ಸ್ವಲ್ಪ ಕೆಟ್ಟ ಸ್ಯಾಂಪಲ್‌ನಿಂದಲೂ ಏನಾದರೂ ತೆಗೆಯಬಹುದು. ಯಾರದ್ದು ಎಂದೇ ಗೊತ್ತಿಲ್ಲದ ಒಳ್ಳೆಯ ಸ್ಯಾಂಪಲ್‌ನಿಂದ ಏನು ತೆಗೆಯುತ್ತೀರಿ?

ಹೇಗ್‌ನಲ್ಲಿರುವ ರಾಸಾಯನಿಕ ಅಸ್ತ್ರ ನಿಷೇಧ ಸಂಸ್ಥೆ ಒಪಿಸಿಡಬ್ಲ್ಯು ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಅದರ ತನಿಖಾ ತಂಡ ತಾನೇ ತೆಗೆದ ಸ್ಯಾಂಪಲ್‌ಗೆ ಇರುವ ತೂಕ, ಬೇರೆಯವರು ತಂದುಕೊಟ್ಟದ್ದಕ್ಕೆ ಇರುವುದಿಲ್ಲ. ಸ್ಯಾಂಪಲ್ ಭಾಗ ಮಾಡಿ, ಸೀಲ್ ಹಾಕಿ, ಮಾನ್ಯತೆ ಇರುವ ಕನಿಷ್ಠ ಎರಡು ಪ್ರಯೋಗಾಲಯಗಳಿಗೆ ಕಳಿಸುತ್ತಾರೆ. ಯಾವುದು ಅಸಲಿ, ಯಾವುದು ಕಂಟ್ರೋಲ್ ಎಂದು ಅಲ್ಲಿ ಪರೀಕ್ಷೆ ಮಾಡುವವರಿಗೇ ಗೊತ್ತಿರುವುದಿಲ್ಲ. ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯ ಡಿಆರ್‌ಡಿಇ, ಹೈದರಾಬಾದ್‌ನ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ಐಐಸಿಟಿ ಈ ಮಾನ್ಯತೆ ಪಡೆದ ನಮ್ಮ ದೇಶದ ಸಂಸ್ಥೆಗಳು.

ನೀವು ಮಾಡಬೇಕಾದದ್ದು ಇಷ್ಟು. ಲೇಬಲ್ ಟ್ಯೂಬಿನ ಮೈಮೇಲೆ ಇರಲಿ, ಮುಚ್ಚಳದ ಮೇಲೆ ಬೇಡ, ಮುಚ್ಚಳ ಅದಲುಬದಲಾಗುತ್ತದೆ. ರೋಗಿಯ ಗುರುತು, ಎಂಎಲ್‌ಸಿ ಸಂಖ್ಯೆ, ತಾರೀಖು, 24 ಗಂಟೆಯ ಲೆಕ್ಕದಲ್ಲಿ ಸಮಯ, ತೆಗೆದವರ ಸಹಿ ಬೇಕು. ಸೀಲ್ ಟೇಪ್ ಮುಚ್ಚಳ ಮತ್ತು ಟ್ಯೂಬ್ ಎರಡರ ಮೇಲೂ ಹಾಯಬೇಕು, ಅದರ ಮೇಲೆ ಅರ್ಧ ಟೇಪಿಗೆ ಅರ್ಧ ಟ್ಯೂಬಿಗೆ ಬರುವಂತೆ ಸಹಿ ಹಾಕಿ. ಅರಗಿನ ಮುದ್ರೆ ಹಾಕುವ ಅಭ್ಯಾಸ ಇದ್ದರೆ ಅದನ್ನು ಹೊರಗಿನ ಪೆಟ್ಟಿಗೆಗೆ ಮಾತ್ರ ಇಟ್ಟುಕೊಳ್ಳಿ. ಬಿಸಿ ಅರಗನ್ನು ತಣ್ಣನೆಯ ಟ್ಯೂಬಿನ ಹತ್ತಿರ ತರಬೇಡಿ.

ಪ್ರತಿ ಕೈಬದಲಾವಣೆಗೆ ಎರಡು ಸಹಿ: ಕೊಟ್ಟವರದ್ದು, ತೆಗೆದುಕೊಂಡವರದ್ದು. ರಾತ್ರಿ ಪಾಳಿಯಿಂದ ಬೆಳಗಿನ ಪಾಳಿಗೆ ಬೀಗದ ಕೈ ಹಸ್ತಾಂತರಿಸುವುದೂ ಇದರಲ್ಲಿ ಸೇರಿದೆ. ಸರಪಳಿ ತುಂಡಾಗುವುದು ಹೆಚ್ಚಾಗಿ ಈ ಪಾಳಿ ಬದಲಾಗುವ ಹೊತ್ತಿನಲ್ಲೇ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಂ ನೋಡಿಟ್ಟುಕೊಳ್ಳಿ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಜಾಗಕ್ಕೆ ಬಂದು ಪುರಾವೆ ಸಂಗ್ರಹಿಸಬೇಕು, ಅದರ ವಿಡಿಯೋ ಆಗಬೇಕು ಎನ್ನುತ್ತದೆ ಅದು. ಮಹಜರಿನಲ್ಲಿ ಬರೆದ ಸಂಖ್ಯೆ, ಟ್ಯೂಬಿನ ಮೇಲಿನ ಸಂಖ್ಯೆ, ವಿಡಿಯೋದಲ್ಲಿ ಕಾಣುವ ಸಂಖ್ಯೆ ಮೂರೂ ಒಂದೇ ಇರಬೇಕು. ಮೊಬೈಲಿನಲ್ಲಿ ತೆಗೆದ ಫೋಟೋ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ರೋಗಿಯ ಗುಟ್ಟೂ ಹೋಗುತ್ತದೆ, ಕುಗ್ಗಿದ ಫೈಲಿಗೆ ಪುರಾವೆಯ ಬೆಲೆಯೂ ಕಮ್ಮಿಯಾಗುತ್ತದೆ.

9. ಸಾಗಿಸುವುದು

ಮೂರು ಪದರ ಪ್ಯಾಕಿಂಗ್: ಸ್ಯಾಂಪಲ್ ಇರುವ ಟ್ಯೂಬ್, ಸೋರದ ಎರಡನೇ ಡಬ್ಬ, ಗಟ್ಟಿಯಾದ ಹೊರಪೆಟ್ಟಿಗೆ. ಟ್ಯೂಬ್ ಮತ್ತು ಡಬ್ಬದ ನಡುವೆ, ಒಡೆದರೆ ಪೂರ್ತಿ ಹೀರಿಕೊಳ್ಳುವಷ್ಟು ಹತ್ತಿ ಅಥವಾ ಹೀರುಕಾಗದ. ಕಾಗದಪತ್ರ ಬೇರೆ ಕವರಿನಲ್ಲಿ, ಎರಡನೇ ಡಬ್ಬದ ಹೊರಗೆ.

ಡ್ರೈ ಐಸ್ ಅಂದರೆ ಮೈನಸ್ 78.5 ಡಿಗ್ರಿಯ ಗಟ್ಟಿ ಕಾರ್ಬನ್ ಡೈಆಕ್ಸೈಡ್. ಕರಗದೆ ನೇರ ಅನಿಲವಾಗುತ್ತದೆ. ಗಾಳಿಯಾಡದ ಪೆಟ್ಟಿಗೆಯಲ್ಲಿ ಮುಚ್ಚಿದರೆ ಪೆಟ್ಟಿಗೆ ಸಿಡಿಯಬಹುದು. ಕಾರಿನೊಳಗೆ ಕಿಟಕಿ ಮುಚ್ಚಿಕೊಂಡು ಒಯ್ದರೆ ಡ್ರೈವರ್‌ಗೆ ಉಸಿರುಗಟ್ಟಬಹುದು. ಡ್ರೈ ಐಸ್ ಪೆಟ್ಟಿಗೆಗೆ ಮೂತ್ರ ಮತ್ತು ಪ್ಲಾಸ್ಮಾ, ಐಸ್ ಪ್ಯಾಕ್ ಪೆಟ್ಟಿಗೆಗೆ ಇಡೀ ರಕ್ತ. ಎರಡೂ ಒಂದೇ ಪೆಟ್ಟಿಗೆಯಲ್ಲಿ ಬೇಡ.

ಮಡಿವಾಳದ ರಾಜ್ಯ ಎಫ್‌ಎಸ್‌ಎಲ್‌ಗೆ ಹೋಗುವುದಾದರೆ ಮ್ಯಾಪ್ ತೋರಿಸುವ ಸಮಯ ನಂಬಬೇಡಿ. ಸಂಜೆ ಸಿಲ್ಕ್ ಬೋರ್ಡ್ ಕಡೆ ಸಿಕ್ಕಿಕೊಂಡರೆ ಐಸ್ ಪ್ಯಾಕ್ ಬೆವರಲು ಶುರುವಾಗುತ್ತದೆ. ಲೆಕ್ಕ ಹಾಕಿದ್ದರ ಎರಡರಷ್ಟು ಐಸ್ ಇರಲಿ. ಲ್ಯಾಬ್ ಮುಚ್ಚುವ ಹೊತ್ತಿಗೆ ಸ್ಯಾಂಪಲ್ ಕಳಿಸಬೇಡಿ, ಮೊದಲೇ ಫೋನ್ ಮಾಡಿ ತೆಗೆದುಕೊಳ್ಳುವವರು ಇದ್ದಾರೆಂದು ಖಾತ್ರಿ ಮಾಡಿಕೊಳ್ಳಿ.

ಅಸ್ತ್ರವಾಗಿ ಬಳಸಿದ ವಿಷ ಎಂಬ ಅನುಮಾನ ಬಲವಾಗಿದ್ದರೆ ಆಸ್ಪತ್ರೆಯೇ ನೇರವಾಗಿ ಗ್ವಾಲಿಯರ್‌ಗೋ ಹೇಗ್‌ಗೋ ಕೊರಿಯರ್ ಮಾಡುವಂತಿಲ್ಲ. ಪೊಲೀಸರು, ರಾಜ್ಯ ಸರ್ಕಾರ, ದೆಹಲಿಯಲ್ಲಿ ಕೇಂದ್ರದ ರಾಷ್ಟ್ರೀಯ ಪ್ರಾಧಿಕಾರ, ಹೀಗೆ ಹೋಗಬೇಕು. ಭಾರತದಲ್ಲಿ ಇದಕ್ಕೆ 2000ನೇ ಇಸವಿಯ ರಾಸಾಯನಿಕ ಅಸ್ತ್ರಗಳ ಒಪ್ಪಂದ ಕಾಯ್ದೆ ಇದೆ. ಆ ದಾರಿ ನಿಧಾನ ಅನ್ನಿಸಬಹುದು. ಅಲ್ಲಿಯವರೆಗೆ ಸ್ಯಾಂಪಲ್ ಕಾಯುವ ಹೊಣೆ ನಿಮ್ಮದು.

10. ಎಷ್ಟು ದಿನ ಇಡಬೇಕು?

ತನಿಖಾಧಿಕಾರಿ ಅಥವಾ ಕೋರ್ಟ್ ಲಿಖಿತವಾಗಿ ಹೇಳುವವರೆಗೆ. ಫ್ರೀಜರಿನಲ್ಲಿ ಜಾಗ ಇಲ್ಲ, ಮೇಲಧಿಕಾರಿ ವರ್ಗವಾದರು, ಲ್ಯಾಬ್ ಹೊಸ ಕಟ್ಟಡಕ್ಕೆ ಹೋಗುತ್ತಿದೆ, ಇವು ಯಾವುವೂ ಕಾರಣ ಅಲ್ಲ. ಪೆಟ್ಟಿಗೆಯ ಹೊರಗೆ ಕೇಸ್ ಸಂಖ್ಯೆ ಬರೆದು, "ಅನುಮತಿ ಇಲ್ಲದೆ ವಿಲೇವಾರಿ ಮಾಡಬಾರದು" ಎಂದು ಕೆಂಪಕ್ಷರದಲ್ಲಿ ಅಂಟಿಸಿ. ಒಂದು ಭಾಗವನ್ನು ಎಫ್‌ಎಸ್‌ಎಲ್‌ಗೆ ಕೊಟ್ಟ ಮೇಲೂ ಇನ್ನೊಂದು ಭಾಗ ನಿಮ್ಮಲ್ಲಿ ಸೀಲ್ ಆಗಿ ಇರಲಿ, ಮರುಪರೀಕ್ಷೆ ಕೇಳಿದಾಗ ಅದೇ ಬೇಕಾಗುತ್ತದೆ. ಕೊನೆಗೆ ವಿಲೇವಾರಿ ಆದೇಶ ಬಂದಾಗ ಮಾಮೂಲಿ ಬಯೋಮೆಡಿಕಲ್ ಕಸದ ಜೊತೆ ಹಾಕದೆ, ಒಳಗೆ ಏನಿದೆ ಎಂದು ತಿಳಿಸಿ ಒಪ್ಪಿಸಿ. ಯಾರು, ಯಾವಾಗ, ಯಾವ ಆದೇಶದ ಮೇಲೆ ತೆಗೆದುಕೊಂಡರು ಎನ್ನುವುದನ್ನು ಅದೇ ಕಸ್ಟಡಿ ಫಾರಂನ ಕೊನೆಯ ಸಾಲಿನಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ, ಫಾರಂ ಮಾತ್ರ ಫೈಲಿನಲ್ಲೇ ಇರಲಿ.